ಚೀಲ ಸುರಿಯುವ ಪಾಠ

ಕೂತುಕೋ ಯೊವ್ನಾ. ಚೀಲವನ್ನು ಮೇಜಿನ ಮೇಲೆ ಸುರಿ.
ನಾಚಿಕೆ ಬೇಡ, ಮೊದಲ ಚೀಲ ಎಲ್ಲರದೂ ಹೀಗೇ:
ಬೇಕಾದ್ದು ತಳದಲ್ಲಿ, ಬೇಡದ್ದೇ ಕೈಗೆ ಮೊದಲು.

ಈ ಪೆನ್ನು ಬಿಡು. ಮೈನಸ್ ಮೂವತ್ತರಲ್ಲಿ ಶಾಯಿ ಮೂಕಾಗುತ್ತದೆ.
ಪೆನ್ಸಿಲ್ ಸಾಕು, ಎರಡೂ ತುದಿ ಕೆತ್ತಿ.
ಚಾಕಲೇಟನ್ನು ಇಲ್ಲೇ, ಒಲೆಯ ಪಕ್ಕದಲ್ಲೇ,
ಹಿಮಸಾರಂಗದ ಹಲ್ಲಿನಷ್ಟು ಚೂರು ಮಾಡು.
ಅಲ್ಲಿ ಅದು ಕಲ್ಲು. ಕಚ್ಚಿ ಹಲ್ಲು ಮುರಿದುಕೊಂಡವರುಂಟು
(ನಗಬೇಡ, ಇದೋ ಇಲ್ಲಿ, ಎಡಗಡೆ).

ಬ್ಯಾಟರಿಯ ಜಾಗ ಚೀಲವಲ್ಲ, ಎದೆ.
ಒಳಂಗಿಯ ಜೇಬಿನಲ್ಲಿ, ಚರ್ಮಕ್ಕೆ ತಾಗಿ.
ಪ್ರತಿ ಜಿಪ್ಪಿಗೂ ದಾರದ ಕುಣಿಕೆ ಕಟ್ಟು,
ದಪ್ಪ ಕೈಗವಸು ತೊಟ್ಟೇ ಎಳೆಯುವಷ್ಟು ದೊಡ್ಡದು.
ಕೈಗವಸಿಗೂ ದಾರ, ಕೊರಳ ಸುತ್ತ, ಮಗುವಿಗೆ ಕಟ್ಟುವಂತೆ.
ಗಾಳಿ ಕಿತ್ತ ಕೈಗವಸು ನಿಲ್ಲುವುದು ಫಿನ್ಲೆಂಡಿನಲ್ಲೇ,
ಗಡಿಯಲ್ಲಿ ಅದನ್ನು ಯಾರೂ ತಡೆಯುವುದಿಲ್ಲ.

ಈ ಹುಲ್ಲಿನ ಜಡೆ ನಿನಗೆ.
ಅಜ್ಜಿ ಬಿರೇತ್ ಆಗಸ್ಟಿನಲ್ಲಿ ಕೊಯ್ದು, ಬಡಿದು, ಹೆಣೆದಿಟ್ಟದ್ದು.
ಬೂಟಿನ ಕಂಪನಿಯವರು ನಗಲಿ ಬಿಡು,
ಕಾಲ ಬೆವರನ್ನು ಇದು ಕುಡಿಯುತ್ತದೆ,
ರಾತ್ರಿ ಒಲೆಯ ಮೇಲೆ ಹರವಿದರೆ
ಬೆಳಿಗ್ಗೆ ಮತ್ತೆ ಬರೀ ಹುಲ್ಲು.

ಓಡಬೇಡ. ಬೆವರಿದವನು
ತನ್ನ ಅಂಗಿಯನ್ನು ತಾನೇ ಮಂಜು ಮಾಡಿಕೊಳ್ಳುತ್ತಾನೆ.
ಮೊದಲು ನಿನ್ನ ಬೆರಳು, ಆಮೇಲೆ ಅವರ ಪ್ರಾಣ.
ಕೇಳಲು ಕ್ರೂರ, ಗೊತ್ತು.
ಮರಗಟ್ಟಿದ ಬೆರಳು ಯಾರ ಗಂಟನ್ನೂ ಬಿಚ್ಚಲಾರದು.

ಆ ಮಾರ್ಚಿನ ರಾತ್ರಿ ನಮಗೆ ಮೊದಲು ಸಿಕ್ಕಿದ್ದು ಒಂದು ಕೋಟು.
ಮಡಚಿಟ್ಟದ್ದು. ಅಂಗಡಿಯಲ್ಲಿ ಮಡಚಿಡುತ್ತಾರಲ್ಲ, ಹಾಗೆ.
ಹತ್ತು ಹೆಜ್ಜೆಗೆ ಉಣ್ಣೆಯ ಟೋಪಿ.
ಆಮೇಲೆ ಅಂಗಿ.
ಚಳಿ ಕೊನೆಗೆ ಬೇಸಿಗೆಯ ವೇಷ ಹಾಕಿ ಬರುತ್ತದೆ, ಯೊವ್ನಾ,
ಸೆಕೆ ಸೆಕೆ ಎಂದು ಮನುಷ್ಯ ತನ್ನನ್ನೇ ಸುಲಿದುಕೊಳ್ಳುತ್ತಾನೆ.
ಬಟ್ಟೆಯ ಜಾಡು ಹಿಡಿದು ಹೋದರೆ ಅಲ್ಲಿ ಕ್ಲೆಮೆತ್,
ಹಿಮದಲ್ಲಿ ಒರಗಿ, ರೆಪ್ಪೆಗೆ ಉಪ್ಪಿನಂಥ ಬಿಳಿ.

ಉಜ್ಜಲಿಲ್ಲ. ಎಬ್ಬಿಸಿ ಕೂರಿಸಲಿಲ್ಲ.
ಮೊಟ್ಟೆಯ ಬುಟ್ಟಿ ಎತ್ತುವಂತೆ, ಮಲಗಿದ್ದ ಹಾಗೇ ಎತ್ತಿದೆವು.
ಕೈಕಾಲಿನ ತಣ್ಣನೆ ರಕ್ತ ಒಮ್ಮೆಲೇ ಒಳನುಗ್ಗಿದರೆ
ಹೃದಯ ಬೆಚ್ಚಿ ನಿಲ್ಲುತ್ತದೆ.
ನಾಡಿಯನ್ನು ಪೂರಾ ಒಂದು ನಿಮಿಷ ಹುಡುಕು.
ಸಿಗದಿದ್ದರೂ ಸತ್ತನೆನ್ನಬೇಡ,
ಬೆಚ್ಚಗಾದ ಮೇಲಷ್ಟೇ ಆ ಮಾತು, ಅದೂ ಡಾಕ್ಟರದು.
ಪೆನ್ಸಿಲ್ ಬರೆಯಿತು: ನಾಲ್ಕು ಹತ್ತು. ಉಸಿರು ನಿಮಿಷಕ್ಕೆ ಐದು.

ಸಲಿಕೆಯಿಂದ ಗುಂಡಿ ತೋಡಿ, ಅವನ ಜೊತೆ
ಒಂದೇ ಮಲಗುಚೀಲದಲ್ಲಿ ಸೇರಿಕೊಂಡೆ.
ಹೆಲಿಕಾಪ್ಟರು ಗಾಳಿಗೆ ಹೆದರಿ ಹಿಂದಿರುಗಿತ್ತು.
ಮಾತಾಡಿಸುತ್ತಿರು ಎಂದಿದ್ದರು ರೇಡಿಯೋದಲ್ಲಿ. ಏನು ಮಾತು?
ದೇವರ ಹೆಸರು ಬಾಯಿಗೆ ಬರಲಿಲ್ಲ, ಹಾಡೂ ಬರಲಿಲ್ಲ.
ನಮ್ಮ ಅಂಗಡಿಯ ಬೆಲೆಪಟ್ಟಿ ಒಪ್ಪಿಸಿದೆ:
ಹಾಲು, ಯೀಸ್ಟು, ಮೀನಿನ ಗಾಳ, ಸ್ಕೂಟರಿನ ಎಣ್ಣೆ,
ಮುಗಿದ ಮೇಲೆ ಮತ್ತೆ ಹಾಲು.
ಮೂರನೆಯ ಸುತ್ತಿಗೆ ಅವನೆಂದ:
ಯೀಸ್ಟು ಅಷ್ಟಿಲ್ಲ.

ಈಗಲೂ ಶುಕ್ರವಾರ ಬರುತ್ತಾನೆ.
ಎಡಗೈಯಲ್ಲಿ ಮೂರು ಬೆರಳು ಉಳಿದಿವೆ,
ನಾಣ್ಯ ಎಣಿಸುವುದು ನಿಧಾನ.
ಹಿಂದೆ ಸಾಲು ಎಷ್ಟೇ ಉದ್ದವಿರಲಿ,
ನಾನು ಕಿಟಕಿ ನೋಡುತ್ತಾ ನಿಲ್ಲುತ್ತೇನೆ.
ಆ ರಾತ್ರಿಯ ಬಗ್ಗೆ ಅವನಾಡಿಲ್ಲ, ನಾನೂ ಕೇಳಿಲ್ಲ.

ಜೊತೆಗಿದ್ದ ಇನ್ನೊಬ್ಬ?
ಜೂನಿನಲ್ಲಿ ಸಿಕ್ಕ. ನಮ್ಮ ಗುಂಡಿಯಿಂದ
ಕೂಗಿದರೆ ಕೇಳುವಷ್ಟು ದೂರ.
ನಾವು ಕೂಗಿದ್ದೆವು, ಯೊವ್ನಾ.

ಆಯಿತು, ತುಂಬು ಈಗ. ಸಲಿಕೆ ಎಲ್ಲಕ್ಕಿಂತ ಮೇಲೆ.
ದೀಪ ಆರಿಸುತ್ತೇನೆ, ಕೈಗವಸು ತೊಡು.
ಪೆನ್ಸಿಲ್ ಎಲ್ಲಿ? ತೆಗೆ.
ಅಲ್ಲ, ಅದು ಚಾಕು.
ಮತ್ತೆ.